ತೆರೆ ಸರಿಯುವ ಮೊದಲು

ನಮ್ಮ ಕಡೆ ತೆರೆ ಅಂದರೆ ಎರಡು. ಒಂದು ಕಡಲಿನದ್ದು. ಇನ್ನೊಂದು ಯಕ್ಷಗಾನದಲ್ಲಿ ವೇಷದ ಮುಂದೆ ಇಬ್ಬರು ಹಿಡಿದು ನಿಲ್ಲುವ ಬಟ್ಟೆ. ಹವ್ಯಾಸಿ ವೇಷಧಾರಿಯಾದ ನಾನು ಈ ಬಟ್ಟೆಯ ಹಿಂದೆ 20 ವರ್ಷಗಳಿಂದ ನಡುಗುತ್ತಾ ನಿಂತಿದ್ದೇನೆ. ಕಡಲಿನ ತೆರೆಯಲ್ಲಿ ಮಾತ್ರ ಮೊಣಕಾಲಿಗಿಂತ ಆಳಕ್ಕೆ ಹೋದವನಲ್ಲ. ಕಾಸರಗೋಡು ಜಿಲ್ಲೆಯ ನಮ್ಮೂರು ಬದಿಯಡ್ಕದಿಂದ ಕುಂಬಳೆಯ ಕಡಲು ಅಷ್ಟೇನೂ ದೂರವಿಲ್ಲ. ಆದರೂ ನಾವು ಅಡಕೆ ತೋಟದವರು ಕಡಲಿಗೆ ಹೋಗುವುದು ಅಸ್ಥಿ ಬಿಡಲು, ಇಲ್ಲದಿದ್ದರೆ ಅಮಾವಾಸ್ಯೆಯ ತೀರ್ಥಸ್ನಾನಕ್ಕೆ.

ಜನವರಿಯಲ್ಲಿ ಅಕ್ಕನ ಮಗ ಮೂಲ್ಕಿಯಿಂದ ಬಂದ. ಅಲ್ಲಿ ಸರ್ಫಿಂಗ್ ಕಲಿತು ಈಗ ಹೊಸಬರಿಗೆ ಹೇಳಿಕೊಡುತ್ತಾನೆ. ಜೀಪಿನ ಮೇಲೆ 9 ಅಡಿಯ ಎರಡು ಬೋರ್ಡ್ ಕಟ್ಟಿಕೊಂಡು ಬಂದಿದ್ದ. ಅಮ್ಮ ಅಂಗಳಕ್ಕೆ ಬಂದು ನೋಡಿ, "ಇದೆಂತ ಮಾರಾಯ, ಆನೆಗೆ ಇಸ್ತ್ರಿ ಹಾಕುವ ಹಲಗೆಯಾ?" ಅಂದರು.

"ಮಾವನಿಗೆ ಕಲಿಸ್ಲಿಕ್ಕೆ ಅಜ್ಜಿ" ಅಂದ ಅವನು. ನನ್ನನ್ನು ಕೇಳಿರಲೇ ಇಲ್ಲ. ಆದರೆ ತೋಟದ ಕೆರೆಯಲ್ಲಿ ಈಜಿ ಬೆಳೆದವನು ಅಂತ ಊರಿಡೀ ಹೇಳಿಕೊಂಡು ತಿರುಗಿದ್ದೇನಲ್ಲ, ಈಗ ಆಗುವುದಿಲ್ಲ ಅನ್ನುವುದು ಹೇಗೆ?

ಮೊದಲ ದಿನ ಮಂಜೇಶ್ವರದ ಹತ್ತಿರದ ಕಣ್ವತೀರ್ಥಕ್ಕೆ ಹೋದೆವು. ಅವತ್ತು ನೀರಿಗಿಂತ ಮರಳಲ್ಲೇ ಜಾಸ್ತಿ ಹೊತ್ತು ಕಳೆಯಿತು. ಅಳಿಯ ಬೆರಳಿನಿಂದ ಮರಳ ಮೇಲೆ ಬೋರ್ಡಿನ ಚಿತ್ರ ಬರೆದ. ಅದರ ಮೇಲೆ ಬೋರಲು ಮಲಗಬೇಕು. ಅಂಗೈ ಪಕ್ಕೆಲುಬಿನ ಹತ್ತಿರ ಊರಬೇಕು. ಅವನು "ಏಳಿ" ಅಂದ ಕೂಡಲೇ ಒಂದೇ ನೆಗೆತಕ್ಕೆ ಎದ್ದು, ಕಾಲು ಅಗಲಿಸಿ, ಮಂಡಿ ಬಗ್ಗಿಸಿ ನಿಲ್ಲಬೇಕು. ಇದಕ್ಕೆ ಪಾಪ್-ಅಪ್ ಅನ್ನುತ್ತಾರಂತೆ. ಯಕ್ಷಗಾನದಲ್ಲಿ ಹಾರಿ ಸುತ್ತುವ ಧೀಂಗಿಣ ಹಾಕಿದ ಕಾಲು ನನ್ನದು, ಮರಳಲ್ಲಿ ಚೆನ್ನಾಗಿಯೇ ಆಯಿತು. ಸ್ವಲ್ಪ ಜಂಬವೂ ಬಂತು. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಮರುದಿನ ಉದುಮದ ಹತ್ತಿರದ ಕಾಪಿಲ್ ಕಡಲಿಗೆ. ಕಾಸರಗೋಡು ಪೇಟೆ ಕಳೆದು ಚಂದ್ರಗಿರಿ ಸೇತುವೆ ದಾಟುವಾಗಲೇ ಬಾಯಿ ಒಣಗಿತು. ಮೇಲ್ಪರಂಬದಲ್ಲಿ ಮೂತ್ರಕ್ಕೆ ಇಳಿದೆ. ಉದುಮದಲ್ಲಿ ಮತ್ತೊಮ್ಮೆ.

"ಅದು ಅಡ್ರಿನಲಿನ್, ಮಾವ" ಅಂದ ಅಳಿಯ.

"ನಮ್ಮಲ್ಲಿ ಅದಕ್ಕೆ ಪುಕ್ಕಲು ಅನ್ನುತ್ತಾರೆ."

ಅವನು ನಗಲಿಲ್ಲ. ಜೀಪು ಓಡಿಸುತ್ತಲೇ ವಿವರಿಸಿದ. ಎರಡು ಕಿಡ್ನಿಗಳ ಮೇಲೆ ಟೋಪಿಯ ಹಾಗೆ ಕೂತ ಸಣ್ಣ ಗ್ರಂಥಿಗಳಿವೆ. ಅಪಾಯ ಅಂತ ಮಿದುಳಿಗೆ ಅನಿಸಿದರೆ ಸಾಕು, ಅವು ಅಡ್ರಿನಲಿನ್ ಅನ್ನು ರಕ್ತಕ್ಕೆ ಬಿಡುತ್ತವೆ. ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ. ತೊಡೆ, ತೋಳಿನಂಥ ದೊಡ್ಡ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ಬೆರಳು ನಡುಗುತ್ತದೆ. ರಕ್ತದಲ್ಲಿ ಅದು ಕೆಲವೇ ನಿಮಿಷ ಇರುವುದು. ಆದರೆ ನಾವು ಪುನಃ ಪುನಃ ಅದನ್ನೇ ಯೋಚಿಸಿ ಹೆದರುತ್ತಾ ಇದ್ದರೆ ದೇಹವೂ ಪುನಃ ಪುನಃ ಬಿಡುತ್ತಾ ಇರುತ್ತದೆ. ಅಂದರೆ ಬದಿಯಡ್ಕದಿಂದ ಉದುಮದವರೆಗೆ ನಾನು ಮಾಡಿದ್ದು ಅದೇ ಕೆಲಸ. ಕಡಲಿಗೆ ಇಳಿಯುವ ಮೊದಲೇ ಸುಸ್ತಾಗಿದ್ದೆ.

ಕಾಪಿಲ್‌ನಲ್ಲಿ ತೆಂಗಿನ ಮರಗಳ ಕೆಳಗೆ ಜೀಪು ನಿಲ್ಲಿಸಿದೆವು. ಕಡಲ್ಕೊರೆತಕ್ಕೆ ಕಲ್ಲು ಸುರಿದ ಕಡೆ ಬೇಡವೇ ಬೇಡ ಅಂತ ಅಳಿಯ ಬರೀ ಮರಳಿದ್ದ ಜಾಗವನ್ನೇ ಹುಡುಕಿದ. ಸೀದಾ ನೀರಿಗೆ ಹೋಗುವುದು ಅಂದುಕೊಂಡರೆ, ಕಾಲು ಗಂಟೆ ಸುಮ್ನೆ ಕೂತು ಅಲೆ ನೋಡಿ ಅಂದ. ನೋಡುತ್ತಾ ಕೂತ ಮೇಲೆ ಗೊತ್ತಾಯಿತು, ಅಲೆಗಳು ಒಂದೇ ಸಮ ಬರುವುದಿಲ್ಲ. ನಾಲ್ಕೈದು ದೊಡ್ಡವು ಒಂದರ ಹಿಂದೆ ಒಂದು ಬರುತ್ತವೆ. ಆಮೇಲೆ ಸ್ವಲ್ಪ ಹೊತ್ತು ಕಡಲು ಉಸಿರು ಬಿಟ್ಟು ಸುಮ್ಮನಾಗುತ್ತದೆ. ನಮ್ಮ ಎಡಕ್ಕೆ ಒಂದು ಕಡೆ ಅಲೆ ಒಡೆಯುತ್ತಲೇ ಇರಲಿಲ್ಲ. ನೀರು ಸಪಾಟಾಗಿ ಸ್ವಲ್ಪ ಕದಡಿದ ಹಾಗಿತ್ತು.

"ಅಲ್ಲಿ ಇಳಿಯೋಣ, ಶಾಂತವಾಗಿದೆ" ಅಂದೆ.

"ಎಲ್ಲಿಗೆ ಬೇಕಾದರೂ ಹೋಗಿ, ಅಲ್ಲಿಗೆ ಬೇಡ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಸಿಕ್ಕಿದರೆ ಎಳೆದುಕೊಂಡು ಹೋಗುತ್ತದೆ. ಸಿಕ್ಕಿಬಿದ್ದರೆ ದಡದ ಕಡೆ ಈಜಲು ಹೋಗಬೇಡಿ, ಸುಸ್ತಾಗಿ ಮುಳುಗುತ್ತೀರಿ. ಬೋರ್ಡ್ ಹಿಡಿದು ತೇಲಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ."

ನನ್ನ ಹೆದರಿಕೆ ಇಡೀ ಕಡಲಿನ ಬಗ್ಗೆ ಇತ್ತು. ಈಗ ಅದು ಆ ಒಂದು ಕದಡಿದ ಪಟ್ಟಿಗೆ ಇಳಿಯಿತು. ಇಷ್ಟು ಕಡಿಮೆಯಾದದ್ದೇ ದೊಡ್ಡದು.

ಬೋರ್ಡಿಗೂ ಕಾಲಿಗೂ ನಡುವೆ ಕಟ್ಟುವ ಹಗ್ಗ ಲೀಶ್. ಅಡಕೆ ಮರ ಹತ್ತುವವರು ಕಾಲಿಗೆ ಹಾಕುವ ತಳೆ ನೆನಪಾಯಿತು. ಅದರ ಪಟ್ಟಿ ಅಂಟಿಸಲು ಮೂರು ಸಲ ಪ್ರಯತ್ನಿಸಿದೆ, ಬೆರಳು ಮಾತು ಕೇಳಲಿಲ್ಲ. ಅಳಿಯನೇ ಬಗ್ಗಿ ಹಾಕಿದ. ಎತ್ತಿ ಆಡಿಸಿದ ಹುಡುಗ ನನ್ನ ಕಾಲು ಹಿಡಿದು ಪಟ್ಟಿ ಕಟ್ಟುವಾಗ ಒಂಥರಾ ಆಯಿತು.

ಸೊಂಟದ ಆಳದಲ್ಲಿ ಮೊದಲ ನೊರೆ ಅಲೆ ಬಂತು. ಏಳುವುದು ಬಿಡಿ, ಬೋರ್ಡ್ ತಿರುಗಿ ನಾನು ಅಡಿಗೆ ಹೋದೆ. ಮೂಗಿಗೆ ಉಪ್ಪು ನೀರು, ಕಿವಿಯಲ್ಲಿ ಗುಡುಗು, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲಿಲ್ಲ. ಎದ್ದು ಬಂದು, "ಒಂದು ನಿಮಿಷ ಒಳಗಿದ್ದೆ ಮಾರಾಯ!" ಅಂದೆ.

"4 ಸೆಕೆಂಡ್. ನಾನು ಎಣಿಸಿದ್ದೇನೆ."

ಆಮೇಲೆ ಅವನು ಮಾಡಿದ ಕೆಲಸ ಆ ಎರಡು ದಿನಗಳಲ್ಲೇ ಉತ್ತಮ ಪಾಠ. ಏಳಲು ಬಿಡಲಿಲ್ಲ, ಬೀಳಲು ಕಲಿಸಿದ. ಬೇಕಂತಲೇ 10 ಸಲ ಬೀಳಬೇಕು. ತಲೆ ಮೊದಲಾಗಿ ಅಲ್ಲ, ಬೆನ್ನ ಮೇಲೆ ಚಪ್ಪಟೆಯಾಗಿ. ಎರಡೂ ಕೈ ತಲೆಯ ಸುತ್ತ. ನೀರೊಳಗೆ ಒದ್ದಾಡದೆ ಎಣಿಸಬೇಕು. ಮೇಲೆ ಬರುವಾಗ ಒಂದು ಕೈ ಮುಂದೆ, ಬೋರ್ಡ್ ಮುಖಕ್ಕೆ ಬಡಿಯದ ಹಾಗೆ. ನಾನು ಎಣಿಸಿದೆ. 3. 5. ಮತ್ತೆ 3. ಹತ್ತನೆಯ ಸಲ ಎಣಿಸುವುದು ಮರೆತೇ ಹೋಯಿತು.

ಉಸಿರಿನ ವಿಷಯದಲ್ಲಿ ಮಾತ್ರ ನನಗೇ ಒಂದು ದಾರಿ ಸಿಕ್ಕಿತು. ಧೈರ್ಯ ತಂದುಕೊಳ್ಳಲು ನಾನು ಬುಸುಬುಸು ಅಂತ ಜೋರಾಗಿ ಉಸಿರೆಳೆಯುತ್ತಿದ್ದೆ. ಅಳಿಯ ಗದರಿದ. ಹಾಗೆ ಮಾಡಿದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು, ಉಸಿರು ಬೇಕು ಅಂತ ದೇಹ ಎಚ್ಚರಿಸುವುದೇ ತಡವಾಗುತ್ತದೆ. ನೀರೊಳಗೆ ಗೊತ್ತಿಲ್ಲದೆ ಪ್ರಜ್ಞೆ ತಪ್ಪಬಹುದು. ಎಳೆಯುವುದಕ್ಕಿಂತ ಬಿಡುವುದು ಉದ್ದ ಇರಬೇಕು, ಆಗ ಎದೆ ಬಡಿತ ಇಳಿಯುತ್ತದೆ ಅಂದ. ಸರಿ, ಆದರೆ ಅಲೆ ನೋಡಬೇಕಾ, ಉಸಿರು ಅಳೆಯಬೇಕಾ?

ಆಗ ಚೌಕಿ, ಅಂದರೆ ನಾವು ವೇಷ ಕಟ್ಟುವ ಕೋಣೆ, ನೆನಪಾಯಿತು. ಬಣ್ಣ ಹಚ್ಚಿ ಕೂತಾಗ ನನಗೆ ಹೀಗೇ ಬಾಯಿ ಒಣಗುತ್ತದೆ, ಹೀಗೇ ಬೆರಳು ನಡುಗುತ್ತದೆ. ಆಗ ನಾನು ತಿಳಿಯದೇ ಮಾಡುವುದು ಒಂದೇ, ಬರಲಿರುವ ಪದ್ಯವನ್ನು ಬಾಯಿ ಮುಚ್ಚಿ ಗುನುಗುವುದು. ಗುನುಗಿದರೆ ಉಸಿರು ತಾನಾಗಿ ಉದ್ದಕ್ಕೆ ಹೊರಗೆ ಹೋಗುತ್ತದೆ, ಅಲ್ವಾ? ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವನಿಗೆ ಪದ್ಯಕ್ಕೆ ಬರವೇ? ಸೊಂಟದ ನೀರಲ್ಲಿ ಬೋರ್ಡ್ ಹಿಡಿದು ನಿಂತು ಗುನುಗಲು ಶುರು ಮಾಡಿದೆ. ದಡದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಮಲಯಾಳದಲ್ಲಿ ಅಳಿಯನನ್ನು ಕೇಳಿದರು, "ಇವರು ಮಂತ್ರ ಹೇಳುವುದಾ?"

ನಡುಕ ಹೋಗಲಿಲ್ಲ. ಚೌಕಿಯಲ್ಲೂ ಹೋಗುವುದಿಲ್ಲ. ಚೆಂಡೆ ಬಿದ್ದು ತೆರೆ ಸರಿದು ಕಾಲು ಎತ್ತಿದಾಗ ಅದು ಎಲ್ಲಿಗೋ ಹೋಗುತ್ತದೆ, ಅಷ್ಟೇ. ಇಲ್ಲೂ ಹಾಗೆಯೇ ಆಯಿತು. ದೊಡ್ಡ ಅಲೆಗಳು ದಾಟಿದವು. ಮುಂದಿನ ನೊರೆ ಅಲೆಗೆ ಅಳಿಯ ಬೋರ್ಡ್ ತಳ್ಳಿದ. ಹಿಂದಿನಿಂದ ಯಾರೋ ಎತ್ತಿದ ಹಾಗಾಯಿತು. "ಏಳಿ! ತೆಂಗು ನೋಡಿ!" ಕಾಲ ಬುಡ ನೋಡಿದರೆ ಅಲ್ಲಿಗೇ ಬೀಳುತ್ತೇವೆ ಅಂತ ಮೊದಲೇ ಹೇಳಿದ್ದ. ಬಾಗಿದ ಒಂದು ತೆಂಗಿನ ಮರ ನೋಡುತ್ತಾ ಎದ್ದೆ. ನಿಂತೆ. ಮರ ನನ್ನ ಕಡೆ ಬರತೊಡಗಿತು. ಏನೂ ಕೇಳಿಸಲಿಲ್ಲ. ಆಮೇಲೆ ಬೆನ್ನು ಕೊಟ್ಟು ಬಿದ್ದೆ. 3 ಸೆಕೆಂಡ್ ಇರಬಹುದು. ಅಳಿಯ 2 ಅನ್ನುತ್ತಾನೆ.

ನಂತರ ಬಂದದ್ದು ನಾನು ಎಣಿಸದ ಹುಚ್ಚು. ಇನ್ನೊಂದು ಅಲೆ, ಇನ್ನೊಂದು, ಇನ್ನೂ ಸ್ವಲ್ಪ ಆಳಕ್ಕೆ. ಮತ್ತೆ ನಾಲ್ಕು ಸಲ ಎದ್ದು ಬಿದ್ದೆ. ತೋಳು ಸೋತದ್ದು ಗೊತ್ತೇ ಆಗಲಿಲ್ಲ. ಅಳಿಯ ಬೋರ್ಡ್ ಹಿಡಿದು ನಿಲ್ಲಿಸಿದ.

"ಸಾಕು ಮಾವ."

"ಒಂದೇ ಒಂದು!"

"ಹೆದರಿದವರನ್ನು ನೋಡಿಕೊಳ್ಳುವುದು ಸುಲಭ. ಈಗ ನೀವು ಹೆದರುತ್ತಿಲ್ಲ." ಬೋರ್ಡ್ ಎತ್ತಿಕೊಂಡು ನಡೆದೇ ಬಿಟ್ಟ. ಸಿಟ್ಟು ಬಂತು, ನಿಜ. ದಡಕ್ಕೆ ಬಂದು ಕೂತ ಮೇಲೆ ಏಳಲು ನೋಡಿದರೆ ತೊಡೆ ಏಳಲಿಲ್ಲ.

ಮಧ್ಯಾಹ್ನ ಬೇಕಲ ಕೋಟೆ ನೋಡುವುದು ಅಂತ ಇತ್ತು. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ. ಅಷ್ಟು ನಡೆಯುವ ಕಾಲು ನಮ್ಮಲ್ಲಿ ಇರಲಿಲ್ಲ. ಉದುಮದ ಒಂದು ಸಣ್ಣ ಹೋಟೆಲಿಗೆ ನುಗ್ಗಿ ಬನ್ಸ್ ಮತ್ತು ಚಹಾ ಹೇಳಿದೆವು. ಗ್ಲಾಸು ಎತ್ತಿದೆ. ಕೈ ನಡುಗಿ ಅರ್ಧ ಚಹಾ ಮೇಜಿಗೆ ಚೆಲ್ಲಿತು. ಹೋಟೆಲಿನವರು ನನ್ನ ತಲೆಯ ಮರಳನ್ನೂ ಹೊರಗಿನ ಜೀಪನ್ನೂ ಒಮ್ಮೆ ನೋಡಿದರು. ಏನೂ ಕೇಳದೆ ಮೇಜು ಒರೆಸಿ ಇನ್ನೊಂದು ಚಹಾ ತಂದಿಟ್ಟರು. ಈ ಸಲ ಗ್ಲಾಸಲ್ಲಿ ಅಲ್ಲ, ಸ್ಟೀಲಿನ ಚೊಂಬಿನಲ್ಲಿ.