ಭದ್ರಾ ಹಿನ್ನೀರಿನ ದ್ವೀಪಗಳಲ್ಲಿ ರೀವಗಳ ಬೇಸಿಗೆ ಸಂಸಾರ

ಭದ್ರಾ ಜಲಾಶಯದ ನೀರು ನಾಲೆಗಳ ಮೂಲಕ ಅಚ್ಚುಕಟ್ಟಿನ ಬೇಸಿಗೆ ಬೆಳೆಗೆ ಹರಿದುಹೋಗುತ್ತಿದ್ದಂತೆ, ಲಕ್ಕವಳ್ಳಿಯ ಹಿನ್ನೀರಿನಲ್ಲಿ ಮುಳುಗಿದ್ದ ಗುಡ್ಡಗಳ ನೆತ್ತಿಗಳು ಒಂದೊಂದಾಗಿ ಮೇಲೆದ್ದು ದ್ವೀಪಗಳಾಗುತ್ತವೆ. ರಿವರ್ ಟರ್ನ್ ಎಂದೇ ಹೆಚ್ಚು ಪರಿಚಿತವಾದ ನದಿ ರೀವ ಹಕ್ಕಿಗಳು ಸಂತಾನಾಭಿವೃದ್ಧಿಗೆ ಆರಿಸಿಕೊಳ್ಳುವುದು ಈ ಬೋಳು ನೆಲವನ್ನು. ಇದನ್ನು ನೋಡಬಯಸುವವರು ಮಾರ್ಚ್ ನಡುವಿನಿಂದ ಮೇ ಮೊದಲ ವಾರದೊಳಗೆ ಹೊರಡುವುದು ಒಳ್ಳೆಯದು.

ತರೀಕೆರೆ ಅಥವಾ ಭದ್ರಾವತಿಯವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ರಸ್ತೆಯಲ್ಲಿ ಲಕ್ಕವಳ್ಳಿಗೆ ಹೋಗಬಹುದು. ಇದು ಹುಲಿ ಮೀಸಲು ಪ್ರದೇಶವಾದ್ದರಿಂದ ದೋಣಿ ಸಫಾರಿಯನ್ನು ಮುಂಚಿತವಾಗಿ ಕಾಯ್ದಿರಿಸಿಕೊಂಡು, ಸಾಧ್ಯವಾದರೆ ಬೆಳಗಿನ ಸರದಿಯನ್ನೇ ಕೇಳಿ ಪಡೆಯಿರಿ. ದೋಣಿ ಅಲುಗಾಡುವುದರಿಂದ ಹತ್ತು ಪಟ್ಟಿನ ದುರ್ಬೀನಿಗಿಂತ ಎಂಟು ಪಟ್ಟಿನದೇ ವಾಸಿ.

ಗೂಡನ್ನೇ ಹುಡುಕುತ್ತೇನೆಂದು ಹೊರಟರೆ ಏನೂ ಕಾಣುವುದಿಲ್ಲ. ರೀವದ ಗೂಡೆಂದರೆ ನೆಲದಲ್ಲಿ ಮಾಡಿಕೊಂಡ ಒಂದು ತಗ್ಗು ಮಾತ್ರ. ಬೂದು ಹಸಿರಿನ ಮೇಲೆ ಕಂದು ಮಚ್ಚೆಗಳಿರುವ ಎರಡು ಮೂರು ಮೊಟ್ಟೆಗಳು ಕಲ್ಲು ಮಣ್ಣಿನ ನಡುವೆ ಗುರುತೇ ಸಿಗದಂತೆ ಬೆರೆತುಹೋಗಿರುತ್ತವೆ. ಆದ್ದರಿಂದ ಹಕ್ಕಿಯ ನಡವಳಿಕೆಯನ್ನೇ ಗಮನಿಸಬೇಕು. ನಾವು ನೋಡುತ್ತಿದ್ದಾಗ ಗಂಡೊಂದು ಬೆಳ್ಳಿಬಣ್ಣದ ಮೀನನ್ನು ಹಳದಿ ಕೊಕ್ಕಿನಲ್ಲಿ ಅಡ್ಡಲಾಗಿ ಹಿಡಿದು, ನುಂಗದೆ, ಹೆಣ್ಣಿನ ಮುಂದಿಳಿದು ಕತ್ತು ನಿಗುರಿಸಿ ನಿಂತಿತು. ಹೆಣ್ಣು ಮೈ ಕುಗ್ಗಿಸಿ ಬಾಯ್ತೆರೆದು ಬೇಡಿದ ಮೇಲೆಯೇ ಅದನ್ನು ಬಿಟ್ಟುಕೊಟ್ಟಿತು. ಇದು ಜೋಡಿ ಕೂಡುವ ಹಂತದ ಲಕ್ಷಣ. ಹಕ್ಕಿ ನೆಲಕ್ಕಂಟಿ ಕುಳಿತಿದ್ದು, ಇನ್ನೊಂದು ಬಂದ ಕೂಡಲೇ ಎದ್ದು ಜಾಗ ಬಿಟ್ಟುಕೊಟ್ಟರೆ ಅಲ್ಲಿ ಕಾವು ನಡೆಯುತ್ತಿದೆ ಎಂದು ತಿಳಿಯಬಹುದು. ಬಿಸಿಲೇರಿದ ಮೇಲೆ ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಮರಳುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ: ಆ ತೇವದಿಂದ ಅದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ಇಂತಹ ಬಿಸಿಲಿನಲ್ಲಿ ಕಾವೆಂದರೆ ಬಿಸಿ ಕೊಡುವುದಕ್ಕಿಂತ ಹೆಚ್ಚಾಗಿ ನೆರಳು ಕೊಡುವ ಕೆಲಸ.

ದೋಣಿಯನ್ನು ಹತ್ತಿರಕ್ಕೆ ಒಯ್ಯಿರೆಂದು ಚಾಲಕರನ್ನು ಒತ್ತಾಯಿಸಬಾರದು ಎನ್ನುವುದಕ್ಕೆ ಕಾರಣವೂ ಇದೇ. ಹಿಂಡು ಕಿರುಚುತ್ತಾ ತಲೆಯ ಮೇಲೆ ಸುತ್ತತೊಡಗಿತೆಂದರೆ ನಾವು ಮಿತಿ ಮೀರಿದ್ದೇವೆ ಎಂದೇ ಅರ್ಥ. ಆ ಹೊತ್ತಿನಲ್ಲಿ ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ, ಕಾಗೆಗಳಿಗೂ ಹದ್ದುಗಳಿಗೂ ದಾರಿ ಸುಲಭವಾಗುತ್ತದೆ. ನದಿ ರೀವ ಈಗ ಜಾಗತಿಕ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೊಳಗಾಗಬಲ್ಲ ಪ್ರಭೇದಗಳ ಸಾಲಿನಲ್ಲಿದೆ. ಒಂದು ಚಿತ್ರಕ್ಕಾಗಿ ಇಡೀ ಹಿಂಡನ್ನು ಎಬ್ಬಿಸುವುದು ಕ್ಷಮಿಸಲಾಗದ ಕೆಲಸವೆಂದೇ ನನ್ನ ಭಾವನೆ. ದ್ವೀಪದ ಮೇಲೆ ಕಾಲಿಡುವ ಆಸೆಯಂತೂ ಬೇಡವೇ ಬೇಡ.

ಟೋಪಿ, ಸಾಕಷ್ಟು ಕುಡಿಯುವ ನೀರು, ಮಾಸಲು ಬಣ್ಣದ ಉಡುಪು ಜೊತೆಗಿರಲಿ. ಬೇಸಿಗೆಯಲ್ಲಿ ಬಿಡುವಾಗದವರು ಮಳೆಗಾಲದಲ್ಲಿ ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಗೆ ಹೋಗಬಹುದು. ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡು ಕಟ್ಟುವುದನ್ನು ದಡದಿಂದಲೇ ನೋಡಬಹುದು.