ಹಳೇ ಅರಿವೆ ಕೊಳ್ಳುವಾಗ ಒಳಮಗ್ಗಲು ತಿರುವಿ ನೋಡ್ರಿ

ಧಾರವಾಡದ ಕಾಲೇಜು ಹುಡುಗ-ಹುಡುಗಿಯರು ನಮ್ಮ ಅಂಗಡಿಗೆ ಬಂದು ಮೊದಲು ನೋಡುವುದು ಬಣ್ಣ, ಆಮೇಲೆ ಬ್ರ್ಯಾಂಡು, ಕೊನೆಗೆ ರೇಟು. ಆಲ್ಟರೇಷನ್ ಜೊತೆಗೆ ಉಟ್ಟು ತೊಟ್ಟ ಅರಿವೆ ಮಾರುವ ನಾವು ಮಾಲು ಆರಿಸುವಾಗ ಈ ಮೂರನ್ನೂ ಬದಿಗಿಟ್ಟು ಮೊದಲು ಅರಿವೆಯನ್ನು ಒಳಗು-ಹೊರಗು ಮಾಡುತ್ತೇವೆ. ಒಂದು ಇಸ್ತ್ರಿ ಹೊಡೆದರೆ ಹೊರಮಗ್ಗಲು ಹೊಸದರಂತೆಯೇ ಕಾಣುತ್ತದೆ. ಸವೆದ ಎಳೆ, ಸಡಿಲಾದ ಹೊಲಿಗೆ, ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂಬುದು ಒಳಮಗ್ಗಲಲ್ಲೇ ತಿಳಿಯುವುದು.

ತಿರುವಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿಯಬೇಕು. ಅಂಗಿಯಾದರೆ ಕಾಲರ್ ಮಡಿಕೆ, ಕಂಕುಳು, ತೋಳಿನ ತುದಿ. ಪ್ಯಾಂಟಾದರೆ ತೊಡೆಸಂದು, ಜಿಪ್ಪಿನ ಬುಡ, ಹಿಮ್ಮಡಿಗೆ ತಾಗುವ ಅಂಚು. ಬೆಳಕು ಜರಡಿಯಂತೆ ತೂರಿ ಬಂದರೆ ಅಲ್ಲಿ ಎಳೆ ಸತ್ತಿದೆ. ಆಮೇಲೆ ಪಕ್ಕದ ಹೊಲಿಗೆಯ ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಿರಿ. ದಾರ ಮಾತ್ರ ಬಿಟ್ಟಿದ್ದರೆ ಐದು ನಿಮಿಷದ ಕೆಲಸ. ದಾರ ಗಟ್ಟಿಯಿದ್ದೂ ಹೊಲಿಗೆಯ ಪಕ್ಕ ಬಾಚಣಿಗೆ ಹಲ್ಲಿನಂಥ ಸಂದು ಕಂಡರೆ ನೇಯ್ಗೆಯ ಎಳೆಯೇ ಸರಿದಿದೆ ಎಂದರ್ಥ. ತೆಳು ಸ್ಯಾಟಿನ್, ಸಡಿಲ ರೇಯಾನ್‌ನಲ್ಲಿ ಇದು ಹೆಚ್ಚು. ಎಷ್ಟು ಸಲ ಹೊಲಿದರೂ ಪಕ್ಕದಲ್ಲೇ ಮತ್ತೆ ಬಿಡುತ್ತದೆ, ಅಂಥದ್ದನ್ನು ಬಿಟ್ಟುಬಿಡಿ.

ಅಳತೆಗೆ ಲೇಬಲ್ ನಂಬಬೇಡಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್. ಅಂಗಿಯನ್ನು ಮೇಜಿನ ಮೇಲೆ ಹರವಿ ಕಂಕುಳಿಂದ ಕಂಕುಳಿಗೆ ಟೇಪು ಹಿಡಿದು ಎರಡರಷ್ಟು ಮಾಡಿ. ಮನೆಯಲ್ಲಿ ಸರಿಯಾಗಿ ಕೂರುವ ಅಂಗಿಯೊಂದನ್ನು ಹೀಗೇ ಅಳೆದು ಚೀಟಿಯಲ್ಲಿ ಬರೆದು ತಂದರೆ ಅರ್ಧ ತಲೆನೋವು ಹೋಯಿತು. ನೀರು ಕಂಡ ಹಳೇ ಹತ್ತಿ ಬಟ್ಟೆ ಕುಗ್ಗುವಷ್ಟು ಕುಗ್ಗಿರುತ್ತದೆ, ಹಾಗಾಗಿ ಇವತ್ತಿನ ಅಳತೆಯೇ ನಾಳೆಯದೂ. ಹೊಸ ಬಟ್ಟೆಗೆ ಈ ಭರವಸೆ ಇಲ್ಲ.

"ಒಂದೀಟು ಸಡ್ಲ ಮಾಡಿ ಕೊಡ್ರಿ ಅಣ್ಣಾರ" ಎನ್ನುವವರಿಗೆ ನಾವು ಮೊದಲು ಒಳಗಿನ ಮಾರ್ಜಿನ್ ತೋರಿಸುತ್ತೇವೆ. ಟೇಲರ್ ಹೊಲಿದ ಕುಪ್ಪಸದಲ್ಲಿ ಪಕ್ಕಕ್ಕೆ ಒಂದು ಇಂಚು ಬಿಟ್ಟಿದ್ದರೆ, ಹೊಲಿಗೆಗೆ ಕಾಲು ಇಂಚು ಉಳಿಸಿ ಮುಕ್ಕಾಲು ಇಂಚು ಬಿಚ್ಚಬಹುದು. ಎರಡು ಪಕ್ಕ, ಪಕ್ಕಕ್ಕೆ ಎರಡು ಪದರ, ಒಟ್ಟು ಮೂರು ಇಂಚು. ಫ್ಯಾಕ್ಟರಿ ಅಂಗಿಯಲ್ಲಿ ಓವರ್‌ಲಾಕ್ (ಅಂಚು ಕತ್ತರಿಸುತ್ತಲೇ ಸುತ್ತಿ ಹೊಲಿಯುವ ಹೊಲಿಗೆ) ಹೊಡೆದು ಅರ್ಧ ಇಂಚೂ ಉಳಿಸಿರುವುದಿಲ್ಲ, ಅದು ಸಡಿಲಾಗದು. ರೇಷ್ಮೆಯಲ್ಲಿ ಹಳೇ ಸೂಜಿಯ ತೂತು ಹಾಗೇ ಉಳಿಯುತ್ತದೆ. ಹತ್ತಿಯಲ್ಲಿ ಒಂದೆರಡು ಒಗೆತಕ್ಕೆ ಮುಚ್ಚಿಕೊಳ್ಳುತ್ತದೆ. ಭುಜ ಅರ್ಧ ಇಂಚಿಗಿಂತ ಹೆಚ್ಚು ಜಾರುತ್ತಿದ್ದರೆ ಕೊಳ್ಳಬೇಡಿ. ತೋಳು ಬಿಚ್ಚಿ ಕೂರಿಸುವ ಕೂಲಿ ಅಂಗಿಯ ಬೆಲೆ ದಾಟುತ್ತದೆ.

ಹೆಚ್ಚು ರಿಪೇರಿಗೆ ಬರುವುದು ಜೀನ್ಸಿನ ತೊಡೆಸಂದು. ಮೊದಲು ಬಟ್ಟೆಯನ್ನು ಅಡ್ಡಕ್ಕೆ ಎಳೆದು ಬಿಡಿ. ತಟ್ಟನೆ ಹಿಂದಕ್ಕೆ ಬರದಿದ್ದರೆ, ತೊಡೆಯ ಮೇಲೆ ಅಲೆ ಅಲೆ ಗೆರೆ ಕಂಡರೆ, ಒಳಗಿನ ಎಲಾಸ್ಟಿಕ್ ಎಳೆ ತುಂಡಾಗಿದೆ; ಅದಕ್ಕೆ ಔಷಧವಿಲ್ಲ. ಶುದ್ಧ ಹತ್ತಿಯ ಜೀನ್ಸಾದರೆ ತೂತು ಬಿದ್ದರೂ ಉಳಿಸಬಹುದು. ತೇಪೆಗೆ ಅದಕ್ಕಿಂತ ತುಸು ತೆಳುವಾದ, ಒಗೆದು ಮೆತ್ತಗಾದ ಹಳೇ ಜೀನ್ಸ್ ತುಂಡೇ ಬೇಕು. ದಪ್ಪ ತುಂಡು ಹಾಕಿದರೆ ತೇಪೆ ಗಟ್ಟಿಯಾಗಿ ನಿಂತು, ಅದರ ಅಂಚಿನಲ್ಲಿ ಹಳೇ ಬಟ್ಟೆ ಹರಿಯುತ್ತದೆ. ತೂತಿನ ಅಳತೆಗಲ್ಲ, ಸವೆದ ಜಾಗದ ಅಳತೆಗೆ ಸುತ್ತಲೂ ಎರಡು ಸೆಂಟಿಮೀಟರ್ ಹೆಚ್ಚು ಕತ್ತರಿಸಿ. ಮೂಲೆಗಳನ್ನು ದುಂಡು ಮಾಡಿ. ತೇಪೆಯ ಉದ್ದ ಎಳೆ ಪ್ಯಾಂಟಿನ ಉದ್ದ ಎಳೆಯ ದಿಕ್ಕಿಗೇ ಬರಬೇಕು. ಒಳಗಿನಿಂದ ಇಟ್ಟು ಕೈಹೊಲಿಗೆಯಲ್ಲಿ ಕಚ್ಚಾ ಹಾಕಿ, 16 ನಂಬರ್ ಸೂಜಿ, ಎರಡೂವರೆ ಮಿಲಿಮೀಟರ್ ಹೊಲಿಗೆಯಲ್ಲಿ ಮೂರು-ನಾಲ್ಕು ಮಿಲಿಮೀಟರಿಗೊಂದು ಸಾಲು ಹಿಂದೆ ಮುಂದೆ ಓಡಿಸಿ. ಸಾಲುಗಳೆಲ್ಲ ಒಂದೇ ಗೆರೆಯಲ್ಲಿ ನಿಲ್ಲಬಾರದು. ಒಂದು ಉದ್ದ, ಒಂದು ಗಿಡ್ಡ ಇರಲಿ. ಒಂದೇ ಗೆರೆಗೆ ನಿಂತರೆ ಜಗ್ಗಾಟವೆಲ್ಲ ಆ ಗೆರೆಯ ಮೇಲೆ ಬಿದ್ದು ಅಲ್ಲೇ ಹರಿಯುತ್ತದೆ. ಇಸ್ತ್ರಿಯಲ್ಲಿ ಅಂಟಿಸುವ ತೇಪೆಯೊಂದನ್ನೇ ನಂಬಿದರೆ ಕೆಲವು ಒಗೆತಕ್ಕೆ ಏಳುತ್ತದೆ.

ಕಲೆಯ ವಿಚಾರಕ್ಕೆ ನಮ್ಮ ಸೀಮೆಗೆ ಅದರದೇ ಲೆಕ್ಕವಿದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಮಣ್ಣು ಪ್ಯಾಂಟಿನ ಅಂಚಿಗೆ ಹತ್ತಿದ್ದರೆ ಹಸಿಯಲ್ಲೇ ಉಜ್ಜಬಾರದು, ಜಿಗಿ ಮಣ್ಣು ನೇಯ್ಗೆಯೊಳಗೆ ಇಳಿಯುತ್ತದೆ. ಪೂರ್ತಿ ಒಣಗಿಸಿ, ಬ್ರಶ್‌ನಿಂದ ಝಾಡಿಸಿ, ಆಮೇಲೆ ನೀರಿಗೆ ಹಾಕಿ. ಅರಿಶಿನದ ಕಲೆಗೆ ಸಾಬೂನು ಹಚ್ಚಿದೊಡನೆ ಕೆಂಪಾಗುವುದನ್ನು ಕಂಡು ಗಾಬರಿಯಾಗಬೇಡಿ. ಕ್ಷಾರ ತಾಗಿದರೆ ಅರಿಶಿನದ ಗುಣವೇ ಅದು. ತೊಳೆದು ಹಸಿಯಾಗಿಯೇ ಎರಡು-ಮೂರು ದಿನ ಬಿಸಿಲಿಗೆ ಹಾಕಿದರೆ ಬಿಸಿಲೇ ತಿನ್ನುತ್ತದೆ. ಮಿರ್ಚಿ ಬಜಿಯ ಎಣ್ಣೆ ಕಲೆಗೆ ನೀರು ಹಾಕುವ ಮೊದಲೇ ಪಾತ್ರೆ ತೊಳೆಯುವ ಲಿಕ್ವಿಡ್ ತಿಕ್ಕಿ ಹತ್ತು ನಿಮಿಷ ಬಿಡಿ. ಬಿಳಿ ಹತ್ತಿ ಅಂಗಿಯ ಕಂಕುಳ ಹಳದಿಗೆ ಬ್ಲೀಚ್ ಬೇಡ, ಇನ್ನೂ ಹಳದಿಯಾಗುತ್ತದೆ. ಅಡುಗೆ ಸೋಡಾ, 3% ಹೈಡ್ರೋಜನ್ ಪೆರಾಕ್ಸೈಡ್, ನೀರು ಸಮಭಾಗ ಕಲಸಿ ಅರ್ಧ ತಾಸು ಹಚ್ಚಿಡಿ. ಬಣ್ಣದ ಬಟ್ಟೆಗೆ ಇದು ಸಲ್ಲದು.

ಹಳೇ ಇಳಕಲ್ ಸೀರೆ ಸಿಕ್ಕರೆ ಅಂಗಡಿಯಲ್ಲೇ ಪೂರ್ತಿ ಬಿಚ್ಚಿಸಿ. ಮೈಯ ಹಾಸೂ (ಉದ್ದ ಎಳೆ) ಸೆರಗಿನ ಹಾಸೂ ಬೇರೆ ಬೇರೆ. ಮಗ್ಗದ ಮೇಲೆ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಮೈ ಹತ್ತಿ, ಸೆರಗು ರೇಷ್ಮೆ ಅಥವಾ ಆರ್ಟ್ ಸಿಲ್ಕ್ (ರೇಯಾನಿನ ಕೃತಕ ರೇಷ್ಮೆ) ಆಗಿರುವುದರಿಂದ ಒಗೆತದಲ್ಲಿ ಎರಡೂ ಒಂದೇ ಥರ ಕುಗ್ಗುವುದಿಲ್ಲ. ಹೀಗಾಗಿ ಆ ಕೂಡುಜಾಗವನ್ನೇ ಮೊದಲು ಬೆರಳಿನಿಂದ ಮುಟ್ಟಿ ನೋಡಿ. ಬಿಡುತ್ತಿದ್ದರೆ ಮಶೀನಿಗೆ ಕೊಡದೆ, ಹಿಂದೆ ಎರಡು ಇಂಚಗಲದ ಮೆತ್ತನೆ ಹತ್ತಿ ಪಟ್ಟಿಯಿಟ್ಟು ಕೈಹೊಲಿಗೆ ಹಾಕಿಸಿ. ಸೆರಗು ರೇಷ್ಮೆಯೋ ಅಲ್ಲವೋ ತಿಳಿಯಲು ಕುಚ್ಚಿನ ಒಂದೇ ಎಳೆ ಸುಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಕಾಗದದಂತೆ ಉರಿದರೆ ಆರ್ಟ್ ಸಿಲ್ಕ್, ಕರಗಿ ಗಟ್ಟಿ ಕರಿಗುಂಡಾದರೆ ಪಾಲಿಯೆಸ್ಟರ್. ಆರ್ಟ್ ಸಿಲ್ಕ್ ನೀರಲ್ಲಿ ಬಲ ಕಳೆದುಕೊಳ್ಳುತ್ತದೆ, ಹಿಂಡಬಾರದು. ಕಸೂತಿ ಇದ್ದರೆ ಅಲ್ಲೂ ಹಿಂಭಾಗವೇ ಸಾಕ್ಷಿ. ಕೈಕಸೂತಿಯಲ್ಲಿ ಗಂಟು ಕಾಣದು; ಗವಂತಿ, ಮುರಗಿ ಹೊಲಿಗೆ ಎರಡೂ ಮಗ್ಗಲು ಒಂದೇ ಥರ ಇರುತ್ತದೆ. ಹಿಂದೆ ಬಿಳಿ ಬಾಬಿನ್ ದಾರ ಕಂಡರೆ ಅದು ಮಶೀನಿನದು, ಕೈಕಸೂತಿಯ ಬೆಲೆ ಕೊಡಬೇಡಿ.

ಲೆಕ್ಕ ಹಾಕುವಾಗ ರಿಪೇರಿ ಕೂಲಿಯನ್ನೂ ಕೂಡಿಸಿ. 150 ರೂಪಾಯಿಯ ಪ್ಯಾಂಟಿಗೆ 120 ಕೂಲಿ ಬಿದ್ದರೆ ಅದರ ಬೆಲೆ 270. ಆದರೂ ಬಟ್ಟೆ ಗಟ್ಟಿಯಿದ್ದರೆ, ಮೂರು ತಿಂಗಳಿಗೆ ಗುಂಜು ಏಳುವ ಅದೇ ರೇಟಿನ ಹೊಸದಕ್ಕಿಂತ ಇದೇ ಮೇಲು ಎಂದು ನಾವು ಗಟ್ಟಿಯಾಗಿ ಹೇಳುತ್ತೇವೆ. ಒಂದು ಹತ್ತಿ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರಿದೆ ಎಂಬುದು ಪ್ರಚಲಿತ ಅಂದಾಜು. ನಳದ ನೀರಿಗೆ ದಿನಗಟ್ಟಲೆ ಕಾಯುವ ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಆ ನೀರಿನ ತೂಕ ಬಿಡಿಸಿ ಹೇಳಬೇಕಿಲ್ಲ.

ಉಳಿಸಲಾಗದ್ದು ಕೌದಿಗೆ, ಅಂದರೆ ಹಳೇ ಬಟ್ಟೆ ಪದರ ಪದರವಾಗಿ ಹೊಲಿದ ಹೊದಿಕೆಗೆ, ಹೋಗಲಿ. ಗುಂಡಿ, ಜಿಪ್ ಬಿಚ್ಚಿ ಡಬ್ಬಿಯಲ್ಲಿಡಿ, ದಪ್ಪ ಹೊಲಿಗೆ ಇರುವ ಅಂಚು ಕತ್ತರಿಸಿ ತೆಗೆಯಿರಿ; ಕೌದಿ ಹೊಲಿಯುವವರ ಸೂಜಿ ಮುರಿಯುವುದು ಅಲ್ಲೇ. ಮೇಲೆ ಕೆಳಗೆ ಹತ್ತಿ ಸೀರೆ, ನಡುವೆ ಮೂರು-ನಾಲ್ಕು ಪದರ ಹತ್ತಿಯದೇ ಇರಬೇಕು. ಪಾಲಿಯೆಸ್ಟರ್ ತುಂಡು ಒಳಗೆ ಸೇರಿಸಿದರೆ ಪದರ ಜಾರಿ ಒಂದು ಮೂಲೆಗೆ ಗಂಟಾಗುತ್ತದೆ, ಬೆವರೂ ಹೀರುವುದಿಲ್ಲ. ಅದನ್ನು ಬೇರೆ ಮಾಡಿ ಚೀಲಕ್ಕೆ, ಕಾಲೊರೆಸುವುದಕ್ಕೆ ಇಡಿ.