ಹಳೆಯ ಕಾರಿನ ಸ್ಟೀರಿಯೊ ಮತ್ತು ಗುಂಯ್‌ ಎನ್ನುವ ಸದ್ದು

ನನ್ನ ಹಳೆಯ ಕಾರಿನ ಸ್ಟೀರಿಯೊದಲ್ಲಿ ಬ್ಲೂಟೂತ್ ಇಲ್ಲ, ಮೂಲೆಯಲ್ಲಿ 3.5 ಮಿಲಿಮೀಟರಿನ ಆಕ್ಸ್ ಸಾಕೆಟ್ ಒಂದಿದೆ, ಅಷ್ಟೆ. ಎರಡೂ ತುದಿಗೆ ಪಿನ್ ಇರುವ ಕೇಬಲ್ಲಿನಿಂದ ಫೋನನ್ನು ಅದಕ್ಕೆ ಜೋಡಿಸಿದಾಗ ಹಾಡೇನೋ ಚೆನ್ನಾಗಿಯೇ ಬಂತು. ಆದರೆ ಅದೇ ಫೋನನ್ನು ಕಾರಿನ ಚಾರ್ಜರಿಗೆ ಸಿಕ್ಕಿಸಿದ ಕ್ಷಣದಿಂದ ಸ್ಪೀಕರಿನಲ್ಲಿ ಸೊಳ್ಳೆ ಹಾಡಿದಂತಹ ಸದ್ದು ಶುರುವಾಗಿ, ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತಿತ್ತು. ಕೇಬಲ್ಲೇ ಕಳಪೆಯೆಂದು ಎರಡು ಬಾರಿ ಬದಲಾಯಿಸಿದ್ದು ದಂಡವಾಯಿತು. ಚಾರ್ಜರು, ಸ್ಟೀರಿಯೊ ಎರಡೂ ಕಾರಿನ ಲೋಹದ ಮೈಯನ್ನೇ ಗ್ರೌಂಡ್ ಆಗಿ, ಅಂದರೆ ವಿದ್ಯುತ್ ಮರಳುವ ದಾರಿಯಾಗಿ, ಬಳಸುವುದರಿಂದ, ಆಕ್ಸ್ ಕೇಬಲ್ಲಿನ ಗ್ರೌಂಡ್ ತಂತಿಯೂ ಸೇರಿದಾಗ ಒಂದು ಸುತ್ತು ಏರ್ಪಟ್ಟು, ಎಂಜಿನ್ನಿನೊಂದಿಗೆ ತಿರುಗಿ ವಿದ್ಯುತ್ ಕೊಡುವ ಆಲ್ಟರ್ನೇಟರಿನ ವೋಲ್ಟೇಜಿನ ಏರಿಳಿತ ಆ ದಾರಿಯಲ್ಲಿ ಹಾಡಿನೊಳಗೆ ನುಸುಳುತ್ತದೆ. ಚಾರ್ಜರ್ ಕಿತ್ತೊಡನೆ ಸದ್ದು ನಿಂತರೆ ಕಾರಣ ಇದೇ ಎಂದು ತಿಳಿಯಬಹುದು. ಕೊನೆಗೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿಯನ್ನು ಆಕ್ಸ್ ಕೇಬಲ್ಲಿನ ನಡುವೆ ಸೇರಿಸಿದೆ. ಅದರೊಳಗೆ ಎಡ ಬಲ ಚಾನೆಲ್ಲುಗಳಿಗೆ ಒಂದೊಂದು ಟ್ರಾನ್ಸ್‌ಫಾರ್ಮರ್ ಇದ್ದು, ತಂತಿಯ ನೇರ ಸಂಪರ್ಕವಿಲ್ಲದೆಯೇ ಹಾಡು ಕಾಂತಕ್ಷೇತ್ರದ ಮೂಲಕ ದಾಟುತ್ತದೆ. ಗುಂಯ್‌ಗುಡುವುದು ನಿಂತಿತು. ನನ್ನದು ಅಗ್ಗದ ಡಬ್ಬಿಯಾದ್ದರಿಂದ ತಬಲಾದ ಡಗ್ಗದ ಗುಮುಕು ತುಸು ತೆಳುವಾಗಿದೆ. ಸ್ಟೀರಿಯೊದಲ್ಲಿ ಬೇಸ್ ಎರಡು ಹಂತ ಏರಿಸಿ ಸಮಾಧಾನ ಪಟ್ಟುಕೊಂಡಿದ್ದೇನೆ.